ಕಮ್ಮಾರಗಿತ್ತಿ ಲಬಂಗಳ ಮಂತ್ರ

ಲಬಂಗಳಿಗೆ ಏಟು ಬಿದ್ದರೆ ಏಟಿನ ಸದ್ದು ಕೇಳುತ್ತದೆಯೇ ಹೊರತು ಅವಳ ಸದ್ದು ಕೇಳುವುದಿಲ್ಲ ಎಂದು ಪಲಾಶಡಾಂಗಾದ ಹೆಂಗಸರು ಹೇಳುತ್ತಿದ್ದರು. ಹೊಗಳಿಕೆಯೆಂದೇ ಹೇಳುತ್ತಿದ್ದರು, ಬೆಂಕಿ ಬೀಳಲಿ ಆ ಹೊಗಳಿಕೆಗೆ. ಕೆರೆಯ ಮೆಟ್ಟಿಲ ಮೇಲೆ ಪಾತ್ರೆ ಬೆಳಗುತ್ತ ತಮ್ಮ ಸೊಸೆಯಂದಿರಿಗೆ, "ಆ ಕಾಮಾರ್ ಬೌನ ನೋಡಿ ಕಲೀರೇ! ಕಮ್ಮಾರರ ಮನೆ ಸೊಸೆ ಅಂದ್ರೆ ಹಾಗಿರ್ಬೇಕು. ಸುತ್ತಿಗೆ ಬಿತ್ತು ಅಂತ ಅಡಿಗಲ್ಲು ಅಳುತ್ತಾ?" ಎನ್ನುತ್ತಿದ್ದರು. ಅಡಿಗಲ್ಲು ಅಳುವುದಿಲ್ಲ, ನಿಜ. ಅದರ ತಲೆ ಒಡೆದು ರಕ್ತ ಬರುವುದೂ ಇಲ್ಲ.

ಅವಳ ಗಂಡ ನಿಬಾರಣ ಕರ್ಮಕಾರ. ಕೆರೆಯ ದಂಡೆಯ ಬೇವಿನ ಮರದ ಕೆಳಗೆ ಅವನ ಕುಲುಮೆ. ವರ್ಷವಿಡೀ ಕುಡುಗೋಲು, ನೇಗಿಲ ಗುಳ, ಎತ್ತಿನ ಗಾಡಿಯ ಕೀಲು ಬಡಿಯುವ ಸಾಮಾನ್ಯ ಕಮ್ಮಾರ. ಆದರೆ ಕಾರ್ತಿಕದ ಅಮಾವಾಸ್ಯೆಯ ದಿನ ಅವನು ಸಾಮಾನ್ಯನಲ್ಲ. ಊರಿನ ರಾಯರ ಮನೆಯಲ್ಲಿ ಕಾಳಿಪೂಜೆಗೆ ಬಲಿ ಕೊಡುವ ಹಕ್ಕು ಅವನ ಮನೆತನದ್ದು. ಕರಿ ಹೋತದ ಕತ್ತನ್ನು ಕವಲುಮರದ ಬಲಿಗಂಬಕ್ಕೆ ಸಿಕ್ಕಿಸಿದ ಮೇಲೆ ಒಂದೇ ಏಟು, ರುಂಡ ಅತ್ತ, ಮುಂಡ ಇತ್ತ. ಎರಡನೆಯ ಏಟು ಬೇಕಾಯಿತೋ, ಬಲಿ ತಡೆಯಿತು ಎಂದರ್ಥ. ಮಾ, ಅಂದರೆ ತಾಯಿ ಕಾಳಿ, ಆ ಬಲಿಯನ್ನು ಒದ್ದಳು, ಬದಲಿಗೆ ಬಲಿ ಕೊಡಿಸಿದ ಮನೆಯ ಒಂದು ಜೀವವನ್ನು ಕೇಳುತ್ತಾಳೆ. ಇದರಲ್ಲಿ ರಾಯರಿಗೂ ಅನುಮಾನವಿರಲಿಲ್ಲ, ನಿಬಾರಣನಿಗೂ ಇರಲಿಲ್ಲ, ಲಬಂಗಳಿಗೂ ಇರಲಿಲ್ಲ. ಜಮೀನ್ದಾರಿ ಹೋಗಿ ಕೆಲವು ವರ್ಷಗಳಾಗಿದ್ದವು, ರಾಯರ ಮನೆಯ ಆನೆಬಾಗಿಲು ಗೆದ್ದಲು ಹಿಡಿದಿತ್ತು. ಮಾ ಮಾತ್ರ ಹಾಗೆಯೇ ಇದ್ದಳು, ಕರಿಕಲ್ಲಿನಲ್ಲಿ, ನಾಲಿಗೆ ಚಾಚಿಕೊಂಡು.

ಬಲಿಗೆ ನಿಲ್ಲುವ ಕಮ್ಮಾರನಿಗೆ ದೀಕ್ಷೆ ಆಗಿರಬೇಕು, ಅವನ ಹೆಂಡತಿಗೂ ಆಗಿರಬೇಕು. ಆದ್ದರಿಂದ ಮದುವೆಯಾಗಿ ಬಂದ ವರ್ಷವೇ ರಾಯರ ಕುಲಗುರು ಹೃಷಿಕೇಶ ಭಟ್ಟಾಚಾರ್ಯರು ಲಬಂಗಳನ್ನು ಅಂಗಳದಲ್ಲಿ ಕೂರಿಸಿ, ತಲೆಯ ಮೇಲೆ ಹೊಸ ಬಟ್ಟೆ ಮುಚ್ಚಿ, ಎಡಗಿವಿಯಲ್ಲಿ ಮಾ ಕಾಳಿಯ ಮಂತ್ರವನ್ನು ಉಸುರಿದ್ದರು. ರಾಯರ ಮನೆಯವರಿಗೆ ಕೊಟ್ಟದ್ದೂ ಅದೇ, ನಿಬಾರಣನಿಗೆ ಕೊಟ್ಟದ್ದೂ ಅದೇ.

"ನಾಲಿಗೆ ಆಡ್ಬೇಕು, ಸದ್ದು ಹೊರಡಬಾರದು," ಎಂದಿದ್ದರು ಗುರು. "ಗಟ್ಟಿಯಾಗಿ ಅಂದೆಯೋ, ಮಂತ್ರ ಅಲ್ಲೇ ಸತ್ತಿತು. ನಿಂದಷ್ಟೇ ಅಲ್ಲ, ಇದೇ ಮಂತ್ರ ಯಾರ್ಯಾರ ಹತ್ರ ಇದೆಯೋ ಎಲ್ಲರದ್ದೂ. ತಿಳೀತಾ?"

ತಿಳಿಯಿತು. ಅವಳಿಗೆ ಆಗ ಮೀಸೆ ತಿರುವುವ ಗಂಡನ ಭಯ, ಅತ್ತೆಯ ಭಯ, ಕತ್ತಲೆಯ ಭಯ ಎಲ್ಲ ಇತ್ತು. ಆ ನಾಲ್ಕಾರು ಅಕ್ಷರಗಳು ಕಿವಿಯೊಳಗೆ ಇಳಿದ ದಿನ ಮೊದಲ ಸಲ ಏನೋ ಒಂದು ತನ್ನದು ಅನಿಸಿತು. ಮನೆ ಗಂಡನದು, ಪಾತ್ರೆ ಗಂಡನವು, ತವರಿನ ಬೆಳ್ಳಿಯ ಕಡಗವನ್ನು ಅವನು ಅಡವಿಟ್ಟು ಕುಡಿದದ್ದೂ ಆಗಿತ್ತು. ಮಂತ್ರವನ್ನು ಯಾರು ಒಯ್ಯುತ್ತಾರೆ? ತಿದಿ ಒತ್ತುವಾಗ ಜಪಿಸುತ್ತಿದ್ದಳು, ಮಂಡಕ್ಕಿ ಹುರಿಯುವಾಗ ಜಪಿಸುತ್ತಿದ್ದಳು. ಏಟು ಬೀಳುವಾಗಲೂ ಜಪಿಸುತ್ತಿದ್ದಳು. ಅವಳ ಸದ್ದು ಯಾಕೆ ಕೇಳುವುದಿಲ್ಲವೆಂದು ಕೆರೆಯ ಮೆಟ್ಟಿಲ ಹೆಂಗಸರಿಗೆ ಗೊತ್ತಿರಲಿಲ್ಲ. ಹಲ್ಲಿನ ಹಿಂದೆ ಅವಳ ನಾಲಿಗೆಗೆ ಬೇರೆ ಕೆಲಸವಿತ್ತು.

ನಿಬಾರಣ ಹೊಡೆಯುವುದರಲ್ಲೂ ಶಾಸ್ತ್ರ ಬಿಟ್ಟವನಲ್ಲ. ಮುತ್ತೈದೆಯ ಶಂಖದ ಬಳೆ ಒಡೆದರೆ ಗಂಡನ ಆಯಸ್ಸಿಗೆ ಕೇಡು. ಅದಕ್ಕಾಗಿ ಕೈಗಳನ್ನು ಬಿಟ್ಟು ಹೊಡೆಯುತ್ತಿದ್ದ. ಬೆನ್ನಿಗೆ, ತೊಡೆಗೆ, ತಲೆಗೆ. ಒಮ್ಮೆ ಅವಳು ಏಟು ತಡೆಯಲು ಕೈ ಅಡ್ಡ ಹಿಡಿದಾಗ, "ಕೈ ತೆಗಿಯೇ, ನನ್ನನ್ನ ಸಾಯಿಸ್ಬೇಕು ಅಂತಿದ್ದೀಯಾ?" ಎಂದು ಗದರಿ, ಅವಳು ಕೈ ತೆಗೆದ ಮೇಲೆ ಮುಂದುವರಿಸಿದ್ದ. ಎಂಥ ಧರ್ಮಿಷ್ಠ ನೋಡಿ.

ಆ ವರ್ಷ ಅವರ ಒಬ್ಬಳೇ ಮಗಳು ಖೇಂದಿಗೆ ನದಿಯಾಚೆಯ ಊರಿನಲ್ಲಿ ಗಂಡು ಗೊತ್ತಾಗಿತ್ತು. ಪೂಜೆ ಕಳೆದ ಮೇಲೆ ಮದುವೆ. ಪೂಜೆಗೆ ಮುಂಚಿನ ದಿನಗಳಲ್ಲಿ ಬಲಿ ಕೊಡುವವನಿಗೆ ಕಟ್ಟುನಿಟ್ಟು ಬಹಳ. ಒಪ್ಪೊತ್ತು ಹವಿಷ್ಯಾನ್ನ, ಅದಕ್ಕೂ ಸೈಂಧವ ಲವಣವೇ ಆಗಬೇಕು, ನೆಲದ ಮೇಲೆ ಚಾಪೆ, ಬೆಳಗು ಸಂಜೆ ಜಪ. ಹೆಂಡ ಮುಟ್ಟುವಂತಿಲ್ಲ, ಹೆಂಡತಿಯನ್ನು ಮುಟ್ಟುವಂತಿಲ್ಲ. ಎರಡನೆಯದು ನಿಬಾರಣನಿಗೆ ಕಷ್ಟವಾಗಲಿಲ್ಲ. ಮೊದಲನೆಯದರಿಂದ ಕೈ ನಡುಗುತ್ತಿತ್ತು, ಕಣ್ಣು ಕೆಂಪಾಗಿತ್ತು, ನೊಣ ಕೂತರೂ ರೇಗುತ್ತಿದ್ದ.

ಪೂಜೆಯ ಹಿಂದಿನ ದಿನ ಮಧ್ಯಾಹ್ನ ಬಾಳೆಲೆಯ ಮುಂದೆ ಕೂತು ಒಂದು ತುತ್ತು ಬಾಯಿಗಿಟ್ಟವನೇ ನಿಲ್ಲಿಸಿದ.

"ಏ ಖೇಂದಿಯ ಅವ್ವ, ಇದೇನು ಉಪ್ಪು ಹಾಕಿದ್ದೀಯ?"

"ಸೈಂಧವ ಲವಣ. ನೀನೇ ಸಂತೆಯಿಂದ ತಂದಿದ್ದು."

"ಮಾಮೂಲಿ ಉಪ್ಪಿನ ರುಚಿ ಬರ್ತಿದೆ."

"ಹೆಂಡ ಬಿಟ್ಟು ಇಷ್ಟು ದಿನ ಆಯ್ತಲ್ಲ, ನಾಲಿಗೆಗೆ ದಾರಿ ತಪ್ಪಿದೆ."

ಅಪರೂಪಕ್ಕೆ ಆಡಿದ ತಮಾಷೆ. ಖೇಂದಿ ಒಲೆಯ ಹಿಂದೆ ಕಿಸಕ್ಕನೆ ನಕ್ಕಳು. ಆ ನಗು ಕೆಲಸ ಕೆಡಿಸಿತು. ನಿಬಾರಣ ನೀರಿನ ಹಿತ್ತಾಳೆ ಚೊಂಬನ್ನು ಎತ್ತಿ ಬೀಸಿದ. ಲಬಂಗಳ ಬಲಗಿವಿಯ ಮೇಲೆ ತಲೆ ಬಿರಿಯಿತು. ಎದ್ದು ಬಂದು ಜುಟ್ಟು ಹಿಡಿದು ಗೋಡೆಗೆ ಗುದ್ದಿದ, ಹೊಟ್ಟೆಗೆ ಮಂಡಿಯಿಂದ ತಿವಿದ. ಅವಳ ನಾಲಿಗೆ ಜಪದಲ್ಲಿತ್ತು. ಆಮೇಲೆ ಅವನು ಬಲಗೈ ಮುಷ್ಟಿಯನ್ನು ಭುಜದ ಹಿಂದಕ್ಕೆ ಎಳೆದು ಮುಖಕ್ಕೆ ಗುರಿಯಿಟ್ಟ. ಅಷ್ಟರಲ್ಲಿ ರಕ್ತ ಕಣ್ಣಿಗೆ ಇಳಿದು ಅವಳಿಗೆ ತಲೆ ತಿರುಗಿತು, ಕುಸಿದಳು. ಹೋತದ ಕತ್ತನ್ನು ಒಂದೇ ಏಟಿಗೆ ಕತ್ತರಿಸುವ ಆ ಬಲವೆಲ್ಲ ಅವಳ ತಲೆಯ ಹಿಂದಿದ್ದ ಸಾಲಮರದ ಕಂಬಕ್ಕೆ ಬಿತ್ತು. ಹಸಿ ಬಿದಿರು ಸೀಳಿದ ಹಾಗೆ ಸದ್ದಾಯಿತು. ನಿಬಾರಣ ಭುಜ ಹಿಡಿದುಕೊಂಡು ಕೂತುಬಿಟ್ಟ. ಅವನ ಬಾಯಿಂದ ಬಂದದ್ದು ಕರುವಿನ ಕೂಗು.

ಸ್ವಲ್ಪ ಹೊತ್ತಿನ ಮೇಲೆ ಲಬಂಗ ಸೀರೆಯ ಸೆರಗನ್ನು ತಲೆಗೆ ಬಿಗಿದು ಎದ್ದಳು. ಸಾಸಿವೆ ಎಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಬಿಸಿ ಮಾಡಿ ಬಟ್ಟಲಲ್ಲಿ ತಂದಳು. ಎಂಥ ಹೆಂಗಸು ಎಂದು ಬೈಯಬೇಕೆನಿಸುತ್ತದೆ. ಆದರೆ ನಾಳೆ ಬಲಿಗೆ ಏಳಬೇಕಾದ ಕೈ ಅದು, ಮಾಗೆ ಸೇರಿದ ಕೈ. ಎಣ್ಣೆ ತಂದದ್ದು ಅದಕ್ಕೆ.

"ದೂರ! ದೂರ ನಿಲ್ಲು!" ಎಂದು ಅವನು ಚೀರಿದ. "ನಿಯಮದ ದಿನ. ನೀನು ಮುಟ್ಟಿದ್ರೆ ಬಲಿ ಕೆಡುತ್ತೆ."

"ಕೀಲು ಸರಿದಿದೆ. ಈಗ್ಲೇ ತಿಕ್ಕಿ ಕೂರಿಸದಿದ್ರೆ ನಾಳೆ ಕೈ ಮೇಲೇಳಲ್ಲ."

"ಏಳ್ಸೋಳು ಮಾ. ನೀನ್ಯಾರೇ?"

"ಈಗ ಮುಟ್ಟಿದೆಯಲ್ಲ, ಅದಕ್ಕೇನಂತೀಯ?"

"ಅದು ಬೇರೆ," ಎಂದ ನಿಬಾರಣ. ಬಟ್ಟಲನ್ನು ಕಾಲಿನಿಂದ ಅತ್ತ ತಳ್ಳಿದ.

ಮರುದಿನ ರಾತ್ರಿ ರಾಯರ ಅಂಗಳದಲ್ಲಿ ಊರೆಲ್ಲ ನೆರೆದಿತ್ತು. ಹೋತವನ್ನು ಮೀಯಿಸಿ, ಹಣೆಗೆ ಸಿಂಧೂರ ಹಚ್ಚಿ, ಕೆಂಪು ದಾಸವಾಳದ ಹಾರ ಹಾಕಿ ತಂದರು. ಭಟ್ಟಾಚಾರ್ಯರು ಅದರ ಕಿವಿಯಲ್ಲಿ ಮಂತ್ರ ಹೇಳಿದರು. ಡೋಲುಗಾರ ಫಟಿಕನೂ ಅವನ ಜೊತೆಯವರೂ ಢಾಕ್ ಬಡಿಯತೊಡಗಿದರು. ಆ ದೊಡ್ಡ ಡೋಲುಗಳ ಸದ್ದಿಗೆ ಎದೆಯ ಗೂಡು ಅದುರುತ್ತದೆ. "ಮಾ! ಮಾ ಗೋ!" ಎಂದು ಜನ ಕೂಗಿದರು. ನಿಬಾರಣ ಖಡ್ಗ ಎತ್ತಿದ. ಹೆಂಗಸರ ಹಿಂದೆ, ಕಂಬದ ಪಕ್ಕ ನಿಂತ ಲಬಂಗ ನೋಡಿದಳು. ಕೈ ಕಿವಿಯ ಮಟ್ಟಕ್ಕೆ ಬಂದು ನಿಂತಿತು, ಅದರ ಮೇಲೆ ಏರಲಿಲ್ಲ. ಅಲ್ಲಿಂದಲೇ ಖಡ್ಗ ಬಿತ್ತು.

ಅರ್ಧ ಕತ್ತಿನಲ್ಲಿ ಸಿಕ್ಕಿಕೊಂಡಿತು. ಹೋತ ಕೂಗಿದ ಕೂಗನ್ನು ಕೇಳಿದವರು ಈಗಲೂ ನೆನೆಯಲು ಇಷ್ಟಪಡುವುದಿಲ್ಲ. ಮನುಷ್ಯರ ಮಗುವೇ ಕೂಗಿದಂತಿತ್ತು. ಕಾಲುಗಳು ಒದ್ದಾಡಿ ನೆಲವನ್ನು ಕೆದಕಿದವು, ರಕ್ತ ಚಿಲ್ಲೆಂದು ಭಟ್ಟಾಚಾರ್ಯರ ಉತ್ತರೀಯಕ್ಕೆ, ಮುಖಕ್ಕೆ, ಮಾಯ ಮೆಟ್ಟಿಲಿಗೆ ಹಾರಿತು. ನಿಬಾರಣ ಎಳೆದ, ಜಗ್ಗಿದ, ಎರಡೂ ಕೈಯಲ್ಲಿ ಹಿಡಿದು ಗರಗಸದ ಹಾಗೆ ಕೊಯ್ದ. ಢಾಕ್ ನಿಂತಿತು. ಕತ್ತು ಕೊನೆಗೂ ಹರಿದು ಬಿದ್ದಾಗ ಅಂಗಳದಲ್ಲಿ ಒಂದು ಕೂಸು ಅಳುತ್ತಿತ್ತು.

"ಬಲಿ ತಡೀತು," ಎಂದು ಯಾರೋ ಅಂದರು.

ಆ ಮಾಂಸವನ್ನು ಯಾರೂ ಬೇಯಿಸಲಿಲ್ಲ. ಹೋಮಕ್ಕೆ ಹಾಕಿ ಸುಟ್ಟರು. ನಾಲ್ಕು ದಿನ ಕಳೆಯುವುದರೊಳಗೆ ರಾಯರ ಮನೆಯ ಮೊಮ್ಮಗನಿಗೆ ಜ್ವರ ಏರಿತು. ಹುಡುಗ ಕಣ್ಣು ಮೇಲೆ ಮಾಡಿ ಬಡಬಡಿಸತೊಡಗಿದ. ಮಾ ತನ್ನ ಪಾಲು ಕೇಳುತ್ತಿದ್ದಾಳೆಂದು ಎಲ್ಲರಿಗೂ ಗೊತ್ತಾಯಿತು. ಯಾರ ದೋಷ ಎನ್ನುವುದು ಮಾತ್ರ ಗೊತ್ತಾಗಬೇಕಿತ್ತು.

ನಡುಹಗಲಿನಲ್ಲಿ ನಿಬಾರಣನನ್ನೂ ಲಬಂಗಳನ್ನೂ ರಾಯರ ಅಂಗಳದ ಗುಡಿಯ ಮುಂದೆ ಕರೆಸಿದರು. ರಾಯರ ಮನೆಯ ಹಿರಿಯಳು, ವಿಧವೆ ಮೋಕ್ಷದಾಸುಂದರಿ ಮೆಟ್ಟಿಲ ಮೇಲೆ ಕೂತಿದ್ದಳು. ಊರೆಲ್ಲ ಅವಳನ್ನು ಗಿನ್ನಿಮಾ, ಅಂದರೆ ಮನೆಯೊಡತಿ, ಎನ್ನುತ್ತಿತ್ತು. ಅವಳ ಮಡಿಲಲ್ಲಿ ಬಿಲ್ವಪತ್ರೆ. ಜ್ವರದ ಹುಡುಗನ ಬಡಬಡಿಕೆ ಒಳಗಿನಿಂದ ಕೇಳುತ್ತಿತ್ತು. ಶುದ್ಧಿ ಮಾಡಿದ ಖಡ್ಗವನ್ನು ನಿಬಾರಣನ ಎರಡೂ ಅಂಗೈ ಮೇಲೆ ಇಟ್ಟು ಬಲಿಗಂಬದ ಎದುರು ಮಂಡಿಯೂರಿಸಿದರು. ಮಾಯ ಖಡ್ಗ ಹಿಡಿದು ಸುಳ್ಳು ಹೇಳುವ ಎದೆ ಅವನಿಗಿಲ್ಲವೆಂದು ಎಲ್ಲರಿಗೂ ನಂಬಿಕೆ.

"ನಿಯಮದ ದಿನಗಳಲ್ಲಿ ಹೆಂಡ ಕುಡಿದೆಯಾ?" ಎಂದರು ಭಟ್ಟಾಚಾರ್ಯರು.

"ಇಲ್ಲ, ಠಾಕುರ್ ಮಶಾಯ್."

"ಹೆಂಡತೀನ ಮುಟ್ಟಿದೆಯಾ?"

"ಮಾಯ ಆಣೆ, ಇಲ್ಲ. ಎಣ್ಣೆ ಹಿಡ್ಕೊಂಡು ತಿಕ್ತೀನಿ ಅಂತ ಬಂದ್ಲು. ನಾನೇ ಮುಟ್ಟಿಸ್ಕೊಳ್ಲಿಲ್ಲ, ಕಾಲಿಂದ ತಳ್ಳಿದೆ."

ಹೆಮ್ಮೆಯಿಂದಲೇ ಹೇಳಿದ. ಭಟ್ಟಾಚಾರ್ಯರು ಗಿನ್ನಿಮಾಳ ಕಡೆ ನೋಡಿದರು.

"ಎಲ್ಲಿಗೆ ತಿಕ್ಕೋಕೆ ಬಂದ್ಲು?"

"ಬಲಗೈ ಭುಜಕ್ಕೆ."

"ಸಿಕ್ತಲ್ಲ!" ಎಂದರು ಭಟ್ಟಾಚಾರ್ಯರು. "ನಿಯಮದಲ್ಲಿರೋ ಬಲಿಗಾರನ ಬಲಗೈ ಮೇಲೆ ಹೆಂಗಸು ಮನಸಿಟ್ಟು ಬಂದಿದ್ದಾಳೆ. ಮುಟ್ಟಿದ್ಲೋ ಇಲ್ವೋ, ಮನಸು ಮುಟ್ಟಿತು. ಆ ಕೈಯೇ ನಿಂತಿತು. ಇನ್ನೇನು ಬೇಕು?"

ಜನ ಹೌದು ಹೌದು ಎಂದು ಗುಜುಗುಜು ಮಾಡಿದರು. ಪರಿಹಾರವನ್ನು ಗಿನ್ನಿಮಾ ಮೊದಲೇ ಯೋಚಿಸಿದ್ದಳು. ಕಾಮಾರ್ ಬೌ ಮಾಯ ಮುಂದೆ ತಪ್ಪೊಪ್ಪಿಕೊಂಡು, ಎದೆ ಕೊಯ್ದು ರಕ್ತ ಕೊಡಬೇಕು. ಆ ರಕ್ತವನ್ನು ಬಿಲ್ವಪತ್ರೆಯಲ್ಲಿ ಹುಡುಗನ ಹಣೆಗೆ ಹಚ್ಚಬೇಕು. ಕ್ಷೌರಿಕ ಉಗುರು ತೆಗೆಯುವ ಅಲಗನ್ನು ಕಲ್ಲಿಗೆ ತಿಕ್ಕುತ್ತ ಸಿದ್ಧನಾಗಿ ಕೂತಿದ್ದ, ಕರೆಸಿದ ಢಾಕಿನವರೂ ಮೆಟ್ಟಿಲ ಕೆಳಗೆ ನಿಂತಿದ್ದರು.

ಎದೆಯ ರಕ್ತ ಕೊಡುವುದು ಲಬಂಗಳಿಗೆ ಹೊಸದಲ್ಲ. ಖೇಂದಿ ಕೂಸಾಗಿದ್ದಾಗ ಸಿಡುಬು ಬಂದಿತ್ತು. ಹರಕೆ ಹೊತ್ತು ಇದೇ ಮೆಟ್ಟಿಲ ಮೇಲೆ ಕೊಟ್ಟಿದ್ದಳು, ಮೊಲೆಯ ಮೇಲೆ ಎರಡು ಬಿಳಿಯ ಗೆರೆ ಇನ್ನೂ ಇದ್ದವು. ರಕ್ತಕ್ಕೆ ಅವಳು ಹೆದರಲಿಲ್ಲ. ತಪ್ಪೊಪ್ಪಿಕೊಳ್ಳುವುದಿದೆಯಲ್ಲ, ಅದು ಬೇರೆ. ಬಲಿ ಕೆಡಿಸಿದವಳು ಎಂಬ ಹೆಸರು ಹೊತ್ತ ತಾಯಿಯ ಮಗಳನ್ನು ಯಾವ ಮನೆ ಒಳಗೆ ಕರೆಯುತ್ತದೆ? ಹುಡುಗ ಉಳಿಯದಿದ್ದರೆ ಕೊಂದವಳೂ ಅವಳೇ ಆಗುತ್ತಾಳೆ. ಖೇಂದಿಯ ಕೈ ಹಿಡಿದುಕೊಂಡು ಊರು ಬಿಡಬೇಕಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅದು ಸುಳ್ಳು. ಮಾಯ ಮುಖ ನೋಡಿಕೊಂಡು ಸುಳ್ಳು ಹೇಳಬೇಕಿತ್ತು.

ಲಬಂಗ ಸೆರಗು ಸರಿಸಿದಳು. ಕಿವಿಯ ಮೇಲೆ ಗಾಯ ಕಪ್ಪಗೆ ಹೆಪ್ಪುಗಟ್ಟಿತ್ತು, ಕೂದಲು ಅದಕ್ಕೆ ಅಂಟಿತ್ತು.

"ಠಾಕುರ್ ಮಶಾಯ್, ಮುಟ್ಟಿದ್ದಾನೆ. ಇಲ್ಲಿ ಮುಟ್ಟಿದ್ದಾನೆ, ಹೊಟ್ಟೇಲಿ ಮುಟ್ಟಿದ್ದಾನೆ. ಮೂರನೇದು ಮುಖಕ್ಕೆ ಬರ್ತಿತ್ತು, ತಪ್ಪಿ ಕಂಬಕ್ಕೆ ಬಿತ್ತು. ಅವಾಗ್ಲೇ ಕೀಲು ಸರೀತು. ಅದಕ್ಕೇ ಎಣ್ಣೆ ತಂದೆ. ಕೇಳಿ ಅವನನ್ನ, ಖಡ್ಗ ಕೈಯಲ್ಲೇ ಇದೆಯಲ್ಲ."

ಎಲ್ಲರೂ ನಿಬಾರಣನ ಕಡೆ ತಿರುಗಿದರು. ಅವನು ತಲೆ ತಗ್ಗಿಸಿದ, ಇಲ್ಲವೆನ್ನಲಿಲ್ಲ. ಖಡ್ಗದ ಭಯ ಅಷ್ಟಾದರೂ ಇತ್ತು.

ಭಟ್ಟಾಚಾರ್ಯರಿಗೆ ಬೇಸರವಾಯಿತು. "ಅದು ಮುಟ್ಟಿದ್ದಲ್ಲಮ್ಮ, ಹೊಡೆದದ್ದು. ಗಂಡ ಹೆಂಡತಿಗೆ ಹೊಡೆಯೋದು ಯಾವ ಶಾಸ್ತ್ರದಲ್ಲಿ ಮೈಲಿಗೆ ಅಂತಿದೆ? ಮುಟ್ಟೋದು ಅಂದ್ರೆ ಬೇರೆ, ನಿಂಗೆ ಗೊತ್ತಿಲ್ವಾ?"

ಗಂಡಸರು ನಕ್ಕರು. ಕೆಲವು ಹೆಂಗಸರೂ ನಕ್ಕರು. ಲಬಂಗ ನಗುವವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಕೆರೆಯ ಮೆಟ್ಟಿಲ ಮೇಲೆ ಅವಳನ್ನು ಹೊಗಳುತ್ತಿದ್ದವರೇ.

"ಹೊತ್ತಾಗ್ತಿದೆ," ಎಂದಳು ಗಿನ್ನಿಮಾ. "ನನ್ನ ಕೂಸು ಅಲ್ಲಿ ಸಾಯ್ತಿದೆ, ಇವಳದ್ದೊಂದು ಪುರಾಣ. ಹಿಡ್ಕೊಳ್ರೇ ಅವಳನ್ನ!"

ನಾಲ್ಕು ಹೆಂಗಸರು ಬಂದು ಲಬಂಗಳ ತೋಳು ಹಿಡಿದರು. ಒಬ್ಬಳು ರವಿಕೆಯ ಮೇಲಿನ ಸೆರಗನ್ನು ಕಿತ್ತಳು. ಕ್ಷೌರಿಕ ಎದ್ದ. ಖೇಂದಿ ಓಡಿ ಬಂದು ಒಬ್ಬಳ ಕೈಯನ್ನು ಕಚ್ಚಿದಳು. ಅವಳನ್ನು ಜುಟ್ಟು ಹಿಡಿದು ಎಳೆದು ನೆಲಕ್ಕೆ ಕೆಡವಿದರು. ಅವಳ ಮುಂದಿನ ಹಲ್ಲು ಮುರಿದು ಬಾಯಿ ರಕ್ತವಾಯಿತು. ಅದನ್ನು ನೋಡಿದಾಗ ಲಬಂಗಳ ಒಳಗೆ ಇಷ್ಟು ವರ್ಷ ಹಿಡಿದಿದ್ದದ್ದು ಕಡಿದುಹೋಯಿತು.

"ಬಿಡ್ರೇ ನನ್ನ ಮಗಳನ್ನ!" ಎಂದಳು. ಅಷ್ಟು ದೊಡ್ಡ ದನಿ ಅವಳಿಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. "ಬಿಡದೇ ಹೋದ್ರೆ ನನ್ನ ಕಿವೀಲಿ ಹಾಕಿದ್ದನ್ನ ಇಲ್ಲೇ ಹೇಳ್ತೀನಿ. ಗಟ್ಟಿಯಾಗಿ, ಇಡೀ ಊರಿಗೆ ಕೇಳೋ ಹಾಗೆ. ಆಮೇಲೆ ನಿಮ್ಮೆಲ್ಲರ ಜಪ ನೀವೇ ಬೇಯಿಸ್ಕೊಂಡು ತಿನ್ನಿ!"

ಗಿನ್ನಿಮಾಳ ಮಡಿಲಿಂದ ಬಿಲ್ವಪತ್ರೆ ಜಾರಿತು. ರಾಯರ ಮನೆಯ ಮೂರು ತಲೆಮಾರು ಅದೇ ಮಂತ್ರ ಜಪಿಸಿ ಗಳಿಸಿದ ಪುಣ್ಯವೆಲ್ಲ ಈ ಕಮ್ಮಾರಗಿತ್ತಿಯ ನಾಲಿಗೆಯ ತುದಿಯಲ್ಲಿತ್ತು.

"ಢಾಕ್ ಬಡೀರೋ!" ಎಂದು ಭಟ್ಟಾಚಾರ್ಯರು ಕಿವಿ ಮುಚ್ಚಿಕೊಂಡು ಕಿರುಚಿದರು. "ಫಟಿಕಾ! ಬಡಿಯೋ!"

ಢಾಕ್ ಗುಡುಗಿತು. ಲಬಂಗ ಮಾಯ ಕಡೆಗೆ ಮುಖ ಮಾಡಿದಳು, ಬಾಯಿ ತೆರೆದಳು. ಅವಳ ತುಟಿ ಆಡುವುದನ್ನು ನೋಡಿ ನಿಬಾರಣ ಹುಚ್ಚು ಹಿಡಿದವನಂತೆ ಎದ್ದ. ಖಡ್ಗ ಎತ್ತಿ ಹೆಂಡತಿಯ ಕತ್ತಿಗೆ ಬೀಸಿದ.

ಕೈ ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಅವನ ಮುಖ ನೋವಿಗೆ ಕಿವುಚಿತು, ಭುಜದೊಳಗೆ ಏನೋ ಕಟಕಟ ಎಂದಿತು. ಹಿಡಿತ ತಪ್ಪಿದ ಖಡ್ಗ ಓರೆಯಾಗಿ ಜಾರಿ ಲಬಂಗಳ ಎಡಗತ್ತಿನ ಬುಡಕ್ಕೆ ಬಿತ್ತು. ಕೊರಳೆಲುಬು ಮುರಿಯಿತು. ಅಲಗು ಎದೆಯ ಮೇಲೆ ಗೆರೆ ಎಳೆದುಕೊಂಡು ಕೆಳಗಿಳಿದು ಕಲ್ಲಿಗೆ ಠಣ್ಣೆಂದಿತು. ತೋಳು ಹಿಡಿದಿದ್ದ ಹೆಂಗಸರು ಚೀರಿ ಕೈಬಿಟ್ಟರು. ಅವಳು ಬಲಿಗಂಬಕ್ಕೆ ಒರಗಿ ಕೂತಳು. ರಕ್ತ ಎದೆಯಿಂದ ಸೊಂಟಕ್ಕೆ, ಸೊಂಟದಿಂದ ನೆಲಕ್ಕೆ ಇಳಿಯಿತು.

ಯಾರೂ ಅವಳ ಹತ್ತಿರ ಬರಲಿಲ್ಲ. ಬಂದವಳು ಗಿನ್ನಿಮಾ. ಬಗ್ಗಿ ಒಂದು ಬಿಲ್ವಪತ್ರೆಯನ್ನು ಲಬಂಗಳ ಎದೆಯ ರಕ್ತದಲ್ಲಿ ಅದ್ದಿ, ಇನ್ನೊಂದನ್ನು ಅದ್ದಿ, ಚೆಲ್ಲದ ಹಾಗೆ ಅಂಗೈ ಅಡ್ಡ ಹಿಡಿದು, ಹುಡುಗನಿದ್ದ ಕೋಣೆಯ ಕಡೆ ಲಗುಬಗೆಯಿಂದ ಹೋದಳು. ಹೋಗುವಾಗ ಒಂದು ಸಲವೂ ತಿರುಗಿ ನೋಡಲಿಲ್ಲ. ಇಂಥ ಅಜ್ಜಿಯಂದಿರನ್ನು ಏನೆಂದು ಬೈಯಬೇಕು? ಮೊಮ್ಮಗನ ಮೇಲೆ ಅವಳಿಗಿದ್ದ ಪ್ರೀತಿಯಂತೂ ನಿಜ.

ಢಾಕ್ ನಿಲ್ಲಿಸಿದವನು ಫಟಿಕ. ಗುಡಿಯ ಮೆಟ್ಟಿಲು ಹತ್ತುವ ಜಾತಿಯವನಲ್ಲ ಅವನು. ಹತ್ತಿ ಬಂದ. ಕಡ್ಡಿಗಳನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಲಬಂಗಳ ಗಾಯಕ್ಕೆ ಒತ್ತಿ ಹಿಡಿದ.

"ಎಲ್ರೂ ನೋಡಿದ್ರಲ್ಲ?" ಎಂದ ಜನರ ಕಡೆ ತಿರುಗಿ. "ಕೈ ಎಲ್ಲಿ ನಿಂತಿತು ನೋಡಿದ್ರಲ್ಲ? ಹೋತದ ದಿನಾನೂ ಅಲ್ಲೇ ನಿಂತಿತ್ತು, ನಾನು ಎದುರಿಗೇ ಇದ್ದೆ. ಇವತ್ತು ಯಾವ ಹೆಂಗಸು ಎಣ್ಣೆ ತಿಕ್ಕೋಕೆ ಬಂದಿದ್ಲು? ಹೇಳಿ ಠಾಕುರ್ ಮಶಾಯ್."

ಭಟ್ಟಾಚಾರ್ಯರು ಇನ್ನೂ ಕಿವಿ ಮುಚ್ಚಿಕೊಂಡಿದ್ದರು. ಅದು ಅನುಕೂಲವೇ ಆಯಿತು.

ಫಟಿಕನೂ ಖೇಂದಿಯೂ ಸೇರಿ ಲಬಂಗಳನ್ನು ಎತ್ತಿನ ಗಾಡಿಯಲ್ಲಿ ಪೇಟೆಯ ಆಸ್ಪತ್ರೆಗೆ ಸಾಗಿಸಿದರು. ಕೆಲಸ ಮಾಡುವಾಗ ಅಲಗಿನ ಮೇಲೆ ಬಿದ್ದಳು ಎಂದು ಅಲ್ಲಿ ಹೇಳಿಸಲಾಯಿತು. ಹೇಳಿಸಿದವರು ರಾಯರ ಮನೆಯವರು. ಬದುಕಿದಳು. ರಾಯರ ಹುಡುಗನ ಜ್ವರವೂ ಇಳಿಯಿತು. ಮಾ ರಕ್ತ ಪಡೆದು ತಣಿದಳೆಂದು ಮಹಲಿನಲ್ಲಿ ಹೇಳಿಕೊಂಡರು. ಢಾಕ್ ಬಡಿಯುವವರ ಕೇರಿಯಲ್ಲಿ ಬೇರೆ ಕತೆ ಹುಟ್ಟಿತು, ಅದು ಪೂಜೆ ಪೂಜೆಗೆ ಅವರ ಜೊತೆ ಊರೂರು ತಿರುಗಿತು. ಹೆಂಡತಿಗೆ ಹೊಡೆಯಲು ಹೋಗಿ ಕಂಬಕ್ಕೆ ಹೊಡೆದ ಕಮ್ಮಾರನ ಕತೆ. ನದಿಯಾಚೆಯ ಗಂಡಿನ ತಾಯಿಗೂ ಅದು ಮುಟ್ಟಿತು. ಅವಳು ಒಂದು ದಿನ ತಾನೇ ಬಂದು, ಲಬಂಗಳ ಗಾಯವನ್ನು ಬಿಚ್ಚಿ ನೋಡಿ, ಮದುವೆಯ ದಿನ ಗೊತ್ತುಮಾಡಿ ಹೋದಳು. ಹಲ್ಲು ಮುರಿದ ಖೇಂದಿ ಬಾಯಿ ಮುಚ್ಚಿಕೊಂಡು ನಗುತ್ತ ಗಂಡನ ಮನೆಗೆ ನಡೆದಳು.

ಬಲಿಯ ಹಕ್ಕು ಬೇರೆ ಊರಿನ ದಾಯಾದಿಗೆ ಹೋಯಿತು. ನಿಬಾರಣನ ಬಲಗೈ ಆಮೇಲೆ ಎದೆಯ ಮಟ್ಟಕ್ಕಿಂತ ಮೇಲೇರಲಿಲ್ಲ. ಕುಲುಮೆಯಲ್ಲಿ ಸುತ್ತಿಗೆ ಹಿಡಿದವಳು ಲಬಂಗ. ಒಂದು ಭುಜ ತಗ್ಗಿಸಿಕೊಂಡು, ಹಲ್ಲು ಕಚ್ಚಿಕೊಂಡು, ಕುಡುಗೋಲು ಬಡಿದಳು. ಹೆಂಗಸು ಬಡಿದ ಕುಡುಗೋಲು ಬೇಡ ಎಂದವರು ಒಂದು ಸುಗ್ಗಿ ಬೇರೆ ಊರಿಗೆ ಹೋದರು, ಮರು ಸುಗ್ಗಿಗೆ ತಿರುಗಿ ಬಂದರು. ನಿಬಾರಣ ಎಡಗೈಯಲ್ಲಿ ತಿದಿಯ ಹಗ್ಗ ಎಳೆಯುತ್ತಿದ್ದ. ಸಂಜೆಯಾದರೆ ಕುಡಿಯುತ್ತಿದ್ದ. ಎಡಗೈ ತಿದಿ ಎಳೆದು ಎಳೆದು ಗಟ್ಟಿಯಾಗತೊಡಗಿತು. ಅದನ್ನು ಅವನೂ ಗಮನಿಸಿದ, ಅವಳೂ ಗಮನಿಸಿದಳು.

ಒಂದು ದಿನ ಬಿಸಿಲಿಳಿಯುವ ಹೊತ್ತಿಗೆ ಕುಡಿದು ಬಂದವನು, ಊಟಕ್ಕೆ ಗಸಗಸೆ ಪಲ್ಯ ಮಾಡಿಲ್ಲವೆಂದು ಶುರುಮಾಡಿದ. ಬೈಗುಳಕ್ಕೆ ಬೈಗುಳ ಸೇರಿ ಜಗಳ ಏರಿತು. ಕುಲುಮೆಯಲ್ಲಿದ್ದ ಇಕ್ಕಳವನ್ನು ಎಡಗೈಯಲ್ಲಿ ಎಳೆದುಕೊಂಡ. ಅದರ ಬಾಯಿ ಕೆಂಪಗೆ ಕಾದಿತ್ತು. ಲಬಂಗ ಅಡಿಗಲ್ಲಿನ ಮುಂದಿನಿಂದ ಏಳಲಿಲ್ಲ, ಓಡಲಿಲ್ಲ. ಅವಳ ತುಟಿ ಮೆಲ್ಲಗೆ ಆಡುತ್ತಿತ್ತು. ಅದನ್ನು ನೋಡಿ ಅವನು ಅರೆಗಳಿಗೆ ತಡೆದ. ಅಂದಿನಿಂದ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆ ಹೊರಬಿತ್ತು.

"ಏ ಖೇಂದಿಯ ಅವ್ವ, ಅವತ್ತು ಮಾಯ ಮುಂದೆ... ನಿಜವಾಗ್ಲೂ ಹೇಳಿಬಿಡ್ತಿದ್ದೆಯಾ?"

"ಹೇಳಿದೆ," ಎಂದಳು ಲಬಂಗ. "ಪೂರ್ತಿ ಹೇಳಿದೆ, ಗಟ್ಟಿಯಾಗಿ. ಢಾಕಿನ ಸದ್ದಿಗೆ ನಿಮಗ್ಯಾರಿಗೂ ಕೇಳ್ಸಲಿಲ್ಲ."

ನಿಬಾರಣನ ಬಾಯಿ ತೆರೆದುಕೊಂಡಿತು. "ಅಯ್ಯೋ ಪಾಪಿ! ಹಂಗಾದ್ರೆ ಮಂತ್ರ ಸತ್ತೇ ಹೋಯ್ತಲ್ಲೇ!"

"ಸತ್ತ ಮಂತ್ರ ಅವತ್ತು ಖಡ್ಗ ಎತ್ತಿದ ನಿನ್ನ ಕೈ ಹಿಡಿದು ನಿಲ್ಸುತ್ತಾ?"

ಭುಜದ ಕೀಲು ಯಾವ ಕಂಬಕ್ಕೆ ಬಡಿದು ಸರಿಯಿತೆಂದು ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಅವನ ಮುಖ ಬೂದಿಯಾಯಿತು. ಲಬಂಗ ಸುತ್ತಿಗೆಯನ್ನು ಪಕ್ಕಕ್ಕಿಟ್ಟು ಎದ್ದು, ಅವನ ಎದುರಿಗೆ ಬಂದು ನಿಂತಳು. ರವಿಕೆಯಿಂದ ಹೊರಗೆ ಚಾಚಿದ್ದ ಗಾಯದ ಕಲೆ ಬೆಂಕಿಯ ಬೆಳಕಿಗೆ ಹೊಳೆಯಿತು.

"ಈಗ ಢಾಕ್ ಇಲ್ಲ," ಎಂದಳು. "ಇನ್ನೊಂದ್ಸಲ ಹೇಳ್ತೀನಿ, ಸರಿಯಾಗಿ ಕೇಳಿಸ್ಕೋ. ಇನ್ನೊಂದು ಕೈನೂ ಇದೆಯಲ್ಲ. ಎತ್ತು."

ನಿಬಾರಣ ಇಕ್ಕಳವನ್ನು ಮೆಲ್ಲಗೆ ಕುಲುಮೆಯೊಳಕ್ಕೆ ಇಟ್ಟ. ಹೋಗಿ ತಿದಿಯ ಹತ್ತಿರ ಕೂತು ಹಗ್ಗ ಹಿಡಿದ. ಅವನು ಬದುಕಿರುವವರೆಗೆ ಆ ಕೈ ಮತ್ತೆ ಅವಳ ಮೇಲೆ ಏಳಲಿಲ್ಲ.